ಆಟಕ್ಕೆ ಯಾವ ರಾಜ್ಯ ಬೇಕು? ನನ್ನ ಮತ ಜಂಜೀರಕ್ಕೆ

ಇತಿಹಾಸವನ್ನು ಆಧರಿಸಿದ ರಣತಂತ್ರದ ವಿಡಿಯೊ ಗೇಮ್ ಒಂದರಲ್ಲಿ ವಿಜಯನಗರ, ಮರಾಠರು, ಮೊಘಲರನ್ನು ಬಿಟ್ಟು, ಯಾರೂ ಎಣಿಸಿರದ ಯಾವ ರಾಜ್ಯ ಆಡಲು ಸಿಗಬೇಕು ಎಂದು ಕೇಳಿದ್ದೀರಿ. ಇಂಥ ಪ್ರಶ್ನೆ ಬಂದಾಗ ನಮ್ಮವರು ಸಾಮಾನ್ಯವಾಗಿ ತಮ್ಮ ಊರಿನ ಪಾಳೆಯಗಾರನ ಹೆಸರು ಹೇಳಿ, ಅವನ ಶೌರ್ಯಕ್ಕೆ ಪೂರ್ತಿ ಅಂಕ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ನಾನು ನೋಡುವುದು ಒಂದನ್ನೇ: ಆ ರಾಜ್ಯದ ಇಕ್ಕಟ್ಟು ಬೇರೆ ಯಾವ ರಾಜ್ಯದಲ್ಲೂ ಸಿಗದಂಥದ್ದೇ?

ಹಾಗೆ ನೋಡಿದರೆ ಮೊದಲ ಸ್ಥಾನ ಮುಂಬೈಯ ದಕ್ಷಿಣಕ್ಕಿರುವ ಮುರುಡ್ ಬಳಿಯ ಜಂಜೀರದ ಸಿದ್ದಿಗಳಿಗೆ. ಆಫ್ರಿಕ ಮೂಲದ ಸರದಾರರು ಆಳಿದ, ಸಮುದ್ರದ ನಡುವೆ ಕೋಟೆ ಕಟ್ಟಿಕೊಂಡು ಕೂತ ರಾಜ್ಯ ಅದು. ಎದುರು ದಡದಲ್ಲಿ ಶಿವಾಜಿ, ಬೆನ್ನಿಗೆ ಬಿಜಾಪುರ, ಉತ್ತರದಲ್ಲಿ ಸೂರತ್‌ನ ಮೊಘಲರು, ಪಕ್ಕದಲ್ಲೇ ಮುಂಬೈಯ ಇಂಗ್ಲಿಷರು. ಆಟವನ್ನು 1670ರ ಸುಮಾರಿಗೆ ಶುರುಮಾಡಬೇಕು. ಕೋಟೆಯ ಮುಖ್ಯಸ್ಥ ಫತೇಖಾನ್ ಶಿವಾಜಿಯ ಒತ್ತಡಕ್ಕೆ ಮಣಿದು ಕೋಟೆ ಬಿಟ್ಟುಕೊಡಲು ಹೊರಟಿದ್ದಾನೆ. ಅವನ ಕೈಕೆಳಗಿನ ಸರದಾರರು, ಸಂಬಲ್, ಕಾಸಿಂ ಮತ್ತು ಖೈರಿಯತ್, ಅವನನ್ನೇ ಸೆರೆಗೆ ಹಾಕಿ ಔರಂಗಜೇಬನ ಪಕ್ಷ ಸೇರುತ್ತಾರೆ. ಈ ಘಟನೆಯನ್ನು ಆಟ ತಾನಾಗಿ ನಡೆಸಿಬಿಡಬಾರದು. ಮಣಿಯುವುದೋ ಸೆರೆಹಾಕುವುದೋ, ಆಡುವವನೇ ತೀರ್ಮಾನಿಸಲಿ.

ಇಲ್ಲಿ ಅಪ್ಪನ ನಂತರ ಮಗ ಎಂಬ ಲೆಕ್ಕವನ್ನು ನೆಚ್ಚಿಕೊಳ್ಳುವಂತಿಲ್ಲ. ಸರದಾರರ ಬೆಂಬಲ ಯಾರಿಗೋ ಅಧಿಕಾರವೂ ಅವನಿಗೇ. ಹಾಗಾಗಿ ವಂಶವೃಕ್ಷದ ಪರದೆಯ ಬದಲು ಸರದಾರರ ನಿಷ್ಠೆಯನ್ನು ಅಳೆಯುವ ಪರದೆ ಇರಲಿ. ಹಡಗುಪಡೆಯ ಖರ್ಚಿಗೆ ಮೊಘಲರಿಂದ ಹಣ ಬರುತ್ತದೆ, ಅದು ನಿಂತರೆ ನಾವಿಕರು ಕರಗುತ್ತಾರೆ. ಎಲ್ಲಕ್ಕಿಂತ ಸ್ವಾರಸ್ಯ ಮಳೆಗಾಲದ್ದು. ಕೊಂಕಣದ ಕಡಲಿನಲ್ಲಿ ಜೂನ್ ಬಂದರೆ ಹಡಗುಗಳನ್ನು ಎಲ್ಲಾದರೂ ಕಟ್ಟಿಹಾಕಲೇಬೇಕು. ಸಿದ್ದಿಗಳು ಮುಂಬೈಯ ಮಜಗಾಂವ್‌ಗೆ ಬಂದು ತಂಗುತ್ತಿದ್ದರು. ಇಂಗ್ಲಿಷರು ಬೇಡವೆಂದರೆ ಔರಂಗಜೇಬನಿಗೆ ಸಿಟ್ಟು, ಆಗಲಿ ಎಂದರೆ ಶಿವಾಜಿಗೆ ಸಿಟ್ಟು. ಇಂಗ್ಲಿಷರ ಫಜೀತಿಯನ್ನು ಎದುರಾಳಿಯ ಕಡೆಯಿಂದ ನೋಡಿ ಆನಂದಿಸುವ ಅವಕಾಶ ಯಾವ ಆಟ ಕೊಟ್ಟಿದೆ ಹೇಳಿ!

ಮುಂದೆ ಶಿವಾಜಿ 1679ರಲ್ಲಿ ಖಾಂದೇರಿ ದ್ವೀಪ ಹಿಡಿಯುತ್ತಾನೆ, ಸಿದ್ದಿಗಳು ಪಕ್ಕದ ಉಂದೇರಿಯಲ್ಲಿ ಬೀಡುಬಿಡುತ್ತಾರೆ. 1682ರಲ್ಲಿ ಶಿವಾಜಿಯ ಮಗ ಸಂಭಾಜಿ ಸಮುದ್ರಕ್ಕೆ ಕಲ್ಲು ಸುರಿದು ಜಂಜೀರದ ಕೋಟೆಯವರೆಗೆ ದಾರಿ ಮಾಡಲು ಹೊರಡುತ್ತಾನೆ. ಆದರೂ ಕೋಟೆ ಬೀಳಲಿಲ್ಲ. ಕೊನೆಯ ಅಂಕ 1689ರದು. ಇಂಗ್ಲಿಷರ ಈಸ್ಟ್ ಇಂಡಿಯ ಕಂಪನಿ ಮೊಘಲರ ಮೇಲೆ ಕೈಮಾಡಿದ್ದಕ್ಕೆ ಪ್ರತಿಯಾಗಿ ಸಿದ್ದಿ ಯಾಕೂತ್ ಖಾನ್ (ಮೇಲೆ ಹೇಳಿದ ಕಾಸಿಂನೇ) ಮುಂಬೈಯ ಶಿವಡಿಯಲ್ಲಿ ಇಳಿದು, ಮಜಗಾಂವ್ ಹಿಡಿದು, ಇಂಗ್ಲಿಷರನ್ನು ಅವರದೇ ಕೋಟೆಯೊಳಗೆ ಕೂಡಿಹಾಕಿದ. ಅವರು ಔರಂಗಜೇಬನ ಕ್ಷಮೆ ಬೇಡಿ ಒಂದೂವರೆ ಲಕ್ಷ ರೂಪಾಯಿ ದಂಡ ತೆತ್ತ ಮೇಲೆ 1690ರಲ್ಲಿ ಹಿಂತಿರುಗಿದ. ನಾನು ಮುಂಬೈಯ ಹಾರ್ಬರ್ ಲೈನಿನ ರೈಲಿನಲ್ಲಿ ಕೆಲಸಕ್ಕೆ ಹೋಗುವವನು. ಶಿವಡಿಯೆಂದರೆ ನನ್ನ ಜೊತೆಯ ಪ್ರಯಾಣಿಕರಿಗೆ ಫ್ಲೆಮಿಂಗೊ ಹಕ್ಕಿ ಮತ್ತು ಅಟಲ್ ಸೇತು, ಅಷ್ಟೇ.

ಎರಡನೆಯದು ಶಿರಸಿ ಬಳಿಯ ಸೋದೆ. ಹೈದರಾಲಿ 1763ರಲ್ಲಿ ಬಿದನೂರನ್ನು ಮುಗಿಸಿ ಸೋದೆಯ ಕಡೆ ತಿರುಗಿದಾಗ ಅಲ್ಲಿನ ಅರಸ ಗೋವೆಗೆ ಹೋಗಿ ಪೋರ್ಚುಗೀಸರ ಆಶ್ರಯ ಪಡೆದ. ಫೋಂಡಾ, ಕಾಣಕೋಣದಂಥ ಅವನ ಸೀಮೆಗಳು ಪೋರ್ಚುಗೀಸರ ವಶವಾದವು. ಅರಸನ ಮನೆತನ ಫೋಂಡಾ ಬಳಿಯ ಬಾಂದಿವಡೆಯಲ್ಲಿ ನೆಲೆಸಿತು. ಅಂದರೆ ಸೋತ ಮೇಲೆ ಶುರುವಾಗುವ ಆಟ! ಸೈನ್ಯವಿಲ್ಲ, ನೆಲವಿಲ್ಲ, ಕೈಯಲ್ಲಿರುವುದು ಹಕ್ಕಿನ ಕಾಗದ ಮಾತ್ರ. ಗೋವೆಯ ಸಾಷ್ಟಿ, ತಿಸವಾಡಿಗಳಲ್ಲಿ ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಗುಡಿಗಳನ್ನು ಕೆಡವಿದಾಗ ಮಂಗೇಶಿ, ಶಾಂತಾದುರ್ಗೆಯರನ್ನು ಭಕ್ತರು ಹೊತ್ತು ತಂದದ್ದು ಇದೇ ಫೋಂಡಾ ಸೀಮೆಗೆ. ಆ ಗುಡಿಗಳಿಗೆ ಈಗ ಅದೇ ಪೋರ್ಚುಗೀಸರಿಂದ ರಕ್ಷಣೆಯ ಮಾತು ಪಡೆಯಬೇಕು. ಕತ್ತಿಯಿಲ್ಲದೆ ಪತ್ರ, ಪಿಂಚಣಿ, ಒಪ್ಪಂದಗಳಿಂದ ಎಷ್ಟು ಉಳಿಸಿಕೊಳ್ಳಬಹುದು ಎಂಬುದೇ ಅಂಕ. ಹತ್ತು ನಿಮಿಷಕ್ಕೊಂದು ಯುದ್ಧ ಬೇಕೆನ್ನುವವರು ಇದನ್ನು ಮುಟ್ಟುವುದಿಲ್ಲ, ಮುಟ್ಟದಿದ್ದರೆ ಬೇಡ.

ಗೇರುಸೊಪ್ಪೆಯ ಚೆನ್ನಭೈರಾದೇವಿ ಮೂರನೆಯವಳು. ಪೋರ್ಚುಗೀಸರೇ ಅವಳನ್ನು ಮೆಣಸಿನ ರಾಣಿ ಎಂದು ಕರೆದರು. ಅವಳನ್ನು ಕುದುರೆಯ ಮೇಲೆ ಕತ್ತಿ ಹಿಡಿಸಿ ನಿಲ್ಲಿಸುವ ಬದಲು ಮೆಣಸಿನ ದರವನ್ನು ಅವಳ ಕೈಗೆ ಕೊಡಿ. ಯಾರಿಗೆ ಮಾರಬೇಕು, ಎಷ್ಟು ದಿನ ತಡೆಹಿಡಿಯಬೇಕು ಎಂದು ಅವಳು ನೋಡಿಕೊಳ್ಳುತ್ತಾಳೆ.

ಮೂರಕ್ಕೂ ಸೇರಿ ಸೂರತ್‌ನಿಂದ ಹೊನ್ನಾವರದವರೆಗಿನ ಒಂದೇ ನಕ್ಷೆ ಸಾಕು. ಗಂಗಾ ಬಯಲನ್ನು ಬಿಡಿಸುವ ಶ್ರಮವನ್ನು ಆಟ ಮಾಡುವವರು ಕೊಂಕಣದ ಖಾಡಿಗಳ (ಸಮುದ್ರದ ನೀರು ನುಗ್ಗುವ ಹಿನ್ನೀರುಗಳ) ಮೇಲೆ ಹಾಕಲಿ. ಭರತ ಇಳಿತದ ಹೊತ್ತಿಗೆ ಯಾವ ಖಾಡಿಯಲ್ಲಿ ಎಷ್ಟು ನೀರಿರುತ್ತದೆ ಎಂಬುದು ಸರಿಯಾಗಿ ಬರದಿದ್ದರೆ ಜಂಜೀರವನ್ನು ಆಡುವುದರಲ್ಲಿ ಅರ್ಥವಿಲ್ಲ.