ದೊಡ್ಡ ಸಂಖ್ಯೆಯನ್ನು ನೋಡಿ ಮೆಮೊರಿ ಕಾರ್ಡ್ ಕೊಳ್ಳಬೇಡಿ

ಹೊಸ ಮಿರರ್‌ಲೆಸ್ ಕ್ಯಾಮೆರಾದಲ್ಲಿ 4ಕೆ ವಿಡಿಯೊ ತೆಗೆಯಬೇಕು, ಫೋನಿನಲ್ಲೂ ಜಾಗ ಸಾಲುತ್ತಿಲ್ಲ, ಕಾರ್ಡುಗಳ ಮೇಲೆ 10, ಯು3, ವಿ30, ಎ2 ಎಂದು ಏನೇನೋ ಬರೆದಿದೆ, ಎರಡಕ್ಕೂ ಒಂದೇ ದುಬಾರಿ ಕಾರ್ಡ್ ಕೊಂಡುಬಿಟ್ಟರೆ ಸಾಕಲ್ಲವೇ ಎಂದು ಕೇಳಿದ್ದೀರಿ. ಕೊಂಡರೆ ಕೆಲಸ ನಡೆಯುತ್ತದೆ, ಆದರೆ ಹೆಚ್ಚು ಕೊಟ್ಟ ಹಣ ಬಹುಪಾಲು ದಂಡ. ಕ್ಯಾಮೆರಾ ಕಾರ್ಡಿನಿಂದ ಕೇಳುವುದು ಒಂದು, ಫೋನ್ ಕೇಳುವುದು ಇನ್ನೊಂದು.

ನಾನು ಇದನ್ನು ಕಲಿತದ್ದು ಮುಖಭಂಗವಾದ ಮೇಲೆ. ಅಣ್ಣನ ಮಗಳು ಶಾಲೆಯ ನಾಟಕದಲ್ಲಿ ಮೊದಲ ಬಾರಿಗೆ ಬಣ್ಣ ಹಚ್ಚಿದ್ದಳು. ಟ್ರೈಪಾಡ್ ನಿಲ್ಲಿಸಿ, ಕ್ಯಾಮೆರಾವನ್ನು 4ಕೆಗೆ ಇಟ್ಟು, ಗುಂಡಿ ಒತ್ತಿ, ದೊಡ್ಡ ಛಾಯಾಗ್ರಾಹಕನ ಹಾಗೆ ಕೈಕಟ್ಟಿ ನಿಂತೆ. ನಾಲ್ಕೈದು ನಿಮಿಷ ಕಳೆದಿರಬೇಕು, ಅವಳು ರಂಗಕ್ಕೆ ಬರುವ ಹೊತ್ತಿಗೆ ಸರಿಯಾಗಿ ಪರದೆಯ ಮೂಲೆಯ ಕೆಂಪು ಚುಕ್ಕೆ ಆರಿಹೋಯಿತು. ಕಾರ್ಡಿನ ವೇಗ ಸಾಲದೆ ರೆಕಾರ್ಡಿಂಗ್ ನಿಂತಿದೆ ಎಂಬ ಒಂದು ಸಾಲು ಮೂಡಿತು. ಮತ್ತೆ ಒತ್ತಿದೆ, ಮತ್ತೆ ನಿಂತಿತು. ತಡಕಾಡಿ ಫುಲ್ ಎಚ್‌ಡಿಗೆ ಇಳಿಸುವಷ್ಟರಲ್ಲಿ ಅವಳ ಮೊದಲ ಮಾತು ಮುಗಿದು ಚಪ್ಪಾಳೆಯೂ ಬಿದ್ದಿತ್ತು. ಕೆಲವು ಕ್ಯಾಮೆರಾಗಳು ಇಂಥ ಕಾರ್ಡ್ ಹಾಕಿದರೆ ಆರಂಭದಲ್ಲೇ ಒಲ್ಲೆ ಎನ್ನುತ್ತವೆ. ನನ್ನದಕ್ಕೆ ಅಷ್ಟು ಮುಂದಾಲೋಚನೆ ಇರಲಿಲ್ಲ.

ಮನೆಗೆ ಬಂದು ಕಾರ್ಡನ್ನು ದೀಪದ ಕೆಳಗೆ ಹಿಡಿದು ನೋಡಿದೆ. ಅದು ಅಡಾಪ್ಟರಿನೊಳಗೆ ಕೂರಿಸಿದ್ದ ಮೈಕ್ರೊ ಎಸ್‌ಡಿ. ಮೇಲೆ ಸೆಕೆಂಡಿಗೆ 100 ಎಂಬಿ ಎಂದು ಅದರ ಅಗಲಕ್ಕೂ ಮುದ್ರಿಸಿತ್ತು. ಕೆಳಗೆ, ಕಣ್ಣು ಕಿರಿದುಮಾಡಿದರೆ ಮಾತ್ರ ಕಾಣುವಂತೆ, ಇಂಗ್ಲಿಷಿನ ಸಿ ಅಕ್ಷರದ ಹೊಟ್ಟೆಯೊಳಗೆ 10 ಎಂಬ ಅಂಕಿ. ದೊಡ್ಡದಾಗಿ ಬರೆದದ್ದು ಓದುವ ವೇಗ, ಅಂದರೆ ಕಾರ್ಡಿನಲ್ಲಿ ಆಗಲೇ ಇರುವುದನ್ನು ಕಂಪ್ಯೂಟರಿಗೆ ಎಳೆದುಕೊಳ್ಳುವ ವೇಗ, ಅದೂ ಎಲ್ಲವೂ ಅನುಕೂಲವಾಗಿದ್ದಾಗ. ಕ್ಯಾಮೆರಾಕ್ಕೆ ಬೇಕಾದದ್ದು ಬರೆಯುವ ವೇಗ. ಸಿ ಒಳಗಿನ 10 ಹೇಳುತ್ತಿದ್ದುದು ಅದನ್ನೇ: ಒಂದೇ ಸಮನೆ ಬರೆಯುವಾಗ ಸೆಕೆಂಡಿಗೆ 10 ಮೆಗಾಬೈಟಿಗಿಂತ ಕೆಳಗೆ ಇಳಿಯುವುದಿಲ್ಲ. ಅದಕ್ಕಿಂತ ಹೆಚ್ಚಿನದಕ್ಕೆ ಖಾತರಿ ಇಲ್ಲ. ನನ್ನ ಕ್ಯಾಮೆರಾದ 4ಕೆ ಬಿಟ್‌ರೇಟ್, ಅಂದರೆ ವಿಡಿಯೊ ಕಾರ್ಡಿಗೆ ಸುರಿಯುವ ಮಾಹಿತಿಯ ಪ್ರಮಾಣ, ಸೆಕೆಂಡಿಗೆ 100 ಮೆಗಾಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್, ಆದ್ದರಿಂದ ಅದು ಹನ್ನೆರಡೂವರೆ ಮೆಗಾಬೈಟ್. ಹತ್ತರ ಭರವಸೆ ಕೊಟ್ಟವನ ಹತ್ತಿರ ನಾನು ಹನ್ನೆರಡೂವರೆ ಕೇಳಿದ್ದೆ. ಕಾರ್ಡ್ ಸುಳ್ಳು ಹೇಳಿರಲಿಲ್ಲ, ನಾನು ತಪ್ಪು ಸಾಲನ್ನು ಓದಿದ್ದೆ.

ಹಾಗಾದರೆ ಮೊದಲ ನಾಲ್ಕು ನಿಮಿಷ ಹೇಗೆ ನಡೆಯಿತು? ಕಾರ್ಡುಗಳು ಭರವಸೆಗಿಂತ ಜೋರಾಗಿ ಬರೆಯುವುದು ಮಾಮೂಲು. ಆದರೆ ಕಾರ್ಡಿನೊಳಗಿರುವ ಫ್ಲಾಶ್ ಮೆಮೊರಿಯಲ್ಲಿ ಹಳೆಯದರ ಮೇಲೆ ನೇರವಾಗಿ ಬರೆಯಲು ಬರುವುದಿಲ್ಲ. ಒಂದು ದೊಡ್ಡ ತುಂಡನ್ನು ಪೂರ್ತಿ ಅಳಿಸಿಯೇ ಹೊಸದನ್ನು ಬರೆಯಬೇಕು. ಅಲ್ಲಲ್ಲಿ ಅಳಿಸಿ, ಅಲ್ಲಲ್ಲಿ ತುಂಬಿ ಚೂರುಚೂರಾದ ಕಾರ್ಡಿನಲ್ಲಿ ಈ ಕೆಲಸ ಏರಿದಾಗ ವೇಗ ತಟ್ಟನೆ ಕುಸಿಯುತ್ತದೆ. ಸಿ ಒಳಗಿನ 10 ಎಂಬ ದರ್ಜೆಯ ಗುರುತು ಭರವಸೆ ಕೊಡುವುದು ಒಂದೇ ಸಮನೆ ಬರೆಯುವಾಗಿನ ಕನಿಷ್ಠ ವೇಗಕ್ಕೆ, ಇಂಥ ಚೂರುಚೂರಾದ ಸ್ಥಿತಿಗಲ್ಲ. ನಾನಂತೂ ಮುಖ್ಯವಾದ ಚಿತ್ರೀಕರಣಕ್ಕೆ ಮೊದಲು ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿಕೊಳ್ಳುತ್ತೇನೆ, ಹಳೆಯದನ್ನೆಲ್ಲ ಬೇರೆಡೆ ಇಳಿಸಿಕೊಂಡ ಮೇಲೆ.

ಇನ್ನು ಗುರುತುಗಳ ಗೊಂದಲ. ಎಸ್‌ಡಿ ಅಸೋಸಿಯೇಷನ್ ಎಂಬ ಒಕ್ಕೂಟವನ್ನು 2000ದಲ್ಲಿ ಪ್ಯಾನಸೋನಿಕ್, ಸ್ಯಾನ್‌ಡಿಸ್ಕ್, ತೋಷಿಬಾ ಸೇರಿ ಕಟ್ಟಿದವು. ಕಾಲಕಾಲಕ್ಕೆ ಹೊಸ ಗುರುತು ತಂದರು, ಹಳೆಯದನ್ನು ತೆಗೆಯಲಿಲ್ಲ. ಮೊದಲಿನದು ಸಿ ಒಳಗಿನ 2, 4, 6, 10. ಆಮೇಲೆ ಯು ಅಕ್ಷರದ ಬಟ್ಟಲಿನಲ್ಲಿ 1 ಅಥವಾ 3. ಇವು 1 ಮತ್ತು 3 ಮೆಗಾಬೈಟ್ ಅಲ್ಲ, 10 ಮತ್ತು 30. ನಡುವೆ ಯು2 ಎಂಬುದೇ ಇಲ್ಲ, ಏಕೆಂದು ನನ್ನನ್ನು ಕೇಳಬೇಡಿ. ಕೊನೆಗೆ ವಿಡಿಯೊ ದರ್ಜೆ ಬಂತು: ವಿ6, ವಿ10, ವಿ30, ವಿ60, ವಿ90. ಇಲ್ಲಿ ಪುಣ್ಯಕ್ಕೆ ಅಂಕಿಯೇ ಮೆಗಾಬೈಟ್. ಹಾಗಾಗಿ ಸಿ10, ಯು1, ವಿ10 ಮೂರರದ್ದೂ ಒಂದೇ ಕನಿಷ್ಠ ವೇಗ. ಯು3 ಮತ್ತು ವಿ30 ಕೂಡ ಹಾಗೆಯೇ. ಒಂದು ಕಾರ್ಡಿನ ಮೇಲೆ ಮೂರೂ ಅಚ್ಚಾಗಿದ್ದರೆ ಮೂರು ಗುಣ ಎಂದುಕೊಳ್ಳಬೇಡಿ, ಅತಿ ಹೆಚ್ಚಿನ ಭರವಸೆ ಯಾವುದೋ ಅದನ್ನು ಮಾತ್ರ ಎಣಿಸಿ.

ನಿಮ್ಮ ಲೆಕ್ಕ ಸುಲಭ. ಕ್ಯಾಮೆರಾದ ಕೈಪಿಡಿಯಲ್ಲಿ ನೀವು ನಿಜವಾಗಿ ಬಳಸುವ ಮೋಡಿನ ಬಿಟ್‌ರೇಟ್ ಹುಡುಕಿ, ಎಂಟರಿಂದ ಭಾಗಿಸಿ. 100 ಮೆಗಾಬಿಟ್ ಆದರೆ ಹನ್ನೆರಡೂವರೆ, 200 ಆದರೆ 25. ಎರಡಕ್ಕೂ ವಿ30 ಸಾಕು. 400 ಮೆಗಾಬಿಟ್ ಇದ್ದರೆ 50 ಆಗುತ್ತದೆ, ಆಗ ವಿ60. 600 ಇದ್ದರೆ 75, ಆಗ ವಿ90 ಬೇಕು. ವಿ90 ಕಾರ್ಡಿಗೆ ಹಾತೊರೆಯುವ ಬಹಳ ಮಂದಿಯ ಕ್ಯಾಮೆರಾಕ್ಕೆ ಅದರ ಮೂರನೆಯ ಒಂದು ಭಾಗವೂ ಬೇಕಿರುವುದಿಲ್ಲ. ಆ ಹಣಕ್ಕೆ ಎರಡು ವಿ30 ಕಾರ್ಡ್ ತೆಗೆದುಕೊಳ್ಳಿ ಎಂಬುದು ನನ್ನ ಸಲಹೆ. ಒಂದು ಕೈಕೊಟ್ಟರೆ ಇನ್ನೊಂದು ಚೀಲದಲ್ಲಿರುತ್ತದೆ. ಸಾಮರ್ಥ್ಯದ ಅಂದಾಜಿಗೆ, 100 ಮೆಗಾಬಿಟ್‌ನಲ್ಲಿ ಒಂದು ಗಂಟೆಯ ವಿಡಿಯೊ ಸುಮಾರು 45 ಗಿಗಾಬೈಟ್ ಹಿಡಿಯುತ್ತದೆ.

ಕಾರ್ಡಿನ ಮೇಲೆ ರೋಮನ್ ಅಂಕಿಯ ಒಂದೋ ಎರಡೋ ಇರುತ್ತದೆ. ಅದನ್ನು ಬಟ್ಟಲಿನೊಳಗಿನ 1ರ ಜೊತೆ ಬೆರೆಸಬೇಡಿ. ಇದು ಯುಎಚ್‌ಎಸ್ ಬಸ್‌ನ ಗುರುತು, ಅಂದರೆ ಕಾರ್ಡಿಗೂ ಕ್ಯಾಮೆರಾಕ್ಕೂ ನಡುವಿನ ರಸ್ತೆ ಎಷ್ಟು ಅಗಲ ಎಂಬುದು. ಮೊದಲನೆಯದರಲ್ಲಿ ಗರಿಷ್ಠ 104 ಮೆಗಾಬೈಟ್, ಎರಡನೆಯದರಲ್ಲಿ 312. ಎರಡನೆಯ ಬಗೆಯ ಕಾರ್ಡನ್ನು ಬೆನ್ನು ತಿರುಗಿಸಿ ನೋಡಿದರೆ ಚಿನ್ನದ ಬಣ್ಣದ ಪಟ್ಟಿಗಳ ಇನ್ನೊಂದು ಸಾಲು ಕಾಣುತ್ತದೆ. ಕ್ಯಾಮೆರಾದ ಸ್ಲಾಟಿನಲ್ಲಿ ಆ ಎರಡನೆಯ ಸಾಲಿಗೆ ಸಂಪರ್ಕವೇ ಇಲ್ಲದಿದ್ದರೆ ಅಷ್ಟು ದುಬಾರಿ ಕಾರ್ಡ್ ಕೂಡ ಹಳೆಯ ಕಿರಿದಾದ ರಸ್ತೆಯಲ್ಲೇ ಹೋಗಬೇಕು. ಮೊದಲನೆಯ ಬಗೆಯ ಕೆಲವು ಕಾರ್ಡುಗಳು 170, 200 ಎಂದು ಹೇಳಿಕೊಳ್ಳುತ್ತವಲ್ಲ, ಆ ವೇಗಕ್ಕೆ ಅದಕ್ಕೆಂದೇ ಮಾಡಿದ ರೀಡರ್ ಬೇಕು. ಸಾಮಾನ್ಯ ಕ್ಯಾಮೆರಾದೊಳಗೆ ಅದು ಬರುವುದಿಲ್ಲ.

ಅಗಲ ರಸ್ತೆ ನಿಜಕ್ಕೂ ಕೈಹಿಡಿಯುವುದು ಸರಣಿ ಫೋಟೊ ತೆಗೆಯುವವರಿಗೆ. ಹಕ್ಕಿ ಹಾರಿತೆಂದು ಗುಂಡಿ ಒತ್ತಿ ಹಿಡಿದರೆ ಚಿತ್ರಗಳು ಮೊದಲು ಕ್ಯಾಮೆರಾದ ಬಫರಿಗೆ ಬೀಳುತ್ತವೆ. ಬಫರ್ ಒಂದು ತೊಟ್ಟಿ, ಕಾರ್ಡ್ ಅದರ ತೂಬು. 25 ಎಂಬಿಯ ರಾ ಫೈಲುಗಳು, ಅಂದರೆ ಕ್ಯಾಮೆರಾ ಸಂಸ್ಕರಿಸದೆ ಹಾಗೆಯೇ ಉಳಿಸುವ ಚಿತ್ರಗಳು, ಸೆಕೆಂಡಿಗೆ ಹತ್ತರಂತೆ ಸುರಿದರೆ ಅದು 250 ಎಂಬಿ. ತೂಬು ಕಿರಿದಾಗಿದ್ದರೆ ತೊಟ್ಟಿ ಬೇಗ ತುಂಬುತ್ತದೆ, ಕ್ಯಾಮೆರಾ ತೊದಲುತ್ತದೆ. ಇಲ್ಲಿ ದರ್ಜೆಯ ಕನಿಷ್ಠ ಅಂಕಿ ಹೆಚ್ಚು ಉಪಯೋಗಕ್ಕೆ ಬಾರದು, ತಯಾರಕರು ಬರೆಯುವ ವೇಗ ಎಂದು ಪ್ರತ್ಯೇಕವಾಗಿ ಕೊಟ್ಟ ಸಂಖ್ಯೆಯನ್ನು ನೋಡಬೇಕು. ಆಗೊಮ್ಮೆ ಈಗೊಮ್ಮೆ ಒಂದು ಫೋಟೊ ತೆಗೆಯುವವರಾದರೆ ಇದನ್ನೆಲ್ಲ ಮರೆತುಬಿಡಿ.

ಫೋನಿನ ವಿಷಯ ಬೇರೆ. ಫೋಟೊ, ಹಾಡು, ಸಿನಿಮಾ ಇಟ್ಟುಕೊಳ್ಳುವುದಷ್ಟೇ ಆದರೆ ಹೆಸರುವಾಸಿ ತಯಾರಕರ ಯಾವ ಯು1 ಕಾರ್ಡಾದರೂ ಆದೀತು. ನಾಟಕದ ದಿನ ಕೈಕೊಟ್ಟ ಕಾರ್ಡ್ ಈಗ ನನ್ನ ಫೋನಿನಲ್ಲಿದೆ, ಹಾಡುಗಳಿಗೆ ಅದರಿಂದ ಒಂದು ತೊಂದರೆಯೂ ಇಲ್ಲ. ಆದರೆ ಆ್ಯಪ್‌ಗಳನ್ನು ಕಾರ್ಡಿಗೆ ಸಾಗಿಸುವುದಾದರೆ ಲೆಕ್ಕ ಬದಲಾಗುತ್ತದೆ. ಆ್ಯಪ್ ಉದ್ದಕ್ಕೆ ಒಂದೇ ಸಮನೆ ಬರೆಯುವುದಿಲ್ಲ, ಅಲ್ಲೊಂದು ಚೂರು ಓದುತ್ತದೆ, ಇಲ್ಲೊಂದು ಚೂರು ಬರೆಯುತ್ತದೆ. ಈ ಓಡಾಟವನ್ನು ಅಳೆಯುವ ಗುರುತೇ ಎ1, ಎ2. ಎ1 ಎಂದರೆ ಸೆಕೆಂಡಿಗೆ ಕನಿಷ್ಠ 1500 ಬಿಡಿ ಓದು, 500 ಬಿಡಿ ಬರಹ. ಎ2ರಲ್ಲಿ 4000 ಮತ್ತು 2000. ಆದರೆ ಎ2 ತನ್ನ ಪೂರ್ಣ ಶಕ್ತಿ ತೋರಿಸಬೇಕಾದರೆ ಫೋನೂ ಅದರ ಹೊಸ ಕ್ರಮಗಳನ್ನು ಬಲ್ಲದಾಗಿರಬೇಕು. ನಿಮ್ಮ ಹಳೆಯ ಫೋನಿಗೆ ಎ1 ಸಾಕು ಎಂದೇ ನನ್ನ ಅಭಿಪ್ರಾಯ. ಎಷ್ಟೇ ಒಳ್ಳೆಯ ಕಾರ್ಡಾದರೂ ಇತ್ತೀಚಿನ ಫೋನುಗಳ ಒಳಗಿನ ಮೆಮೊರಿಗೆ ಸಾಟಿಯಲ್ಲ, ಭಾರಿ ಆಟಗಳನ್ನು ಅಲ್ಲಿಯೇ ಬಿಡಿ.

ಒಂದೇ ಕಾರ್ಡನ್ನು ಅದಲುಬದಲು ಮಾಡುವ ಯೋಚನೆಯಿದ್ದರೆ ಇದನ್ನು ಗಮನಿಸಿ. ಆಂಡ್ರಾಯ್ಡ್‌ನಲ್ಲಿ ಕಾರ್ಡನ್ನು ಫೋನಿನ ಆಂತರಿಕ ಸಂಗ್ರಹವಾಗಿ ಸೇರಿಸಿಕೊಳ್ಳುವ ಆಯ್ಕೆ ಕೊಟ್ಟರೆ ಅದು ಕಾರ್ಡನ್ನು ಅಳಿಸಿ ಗೂಢಲಿಪೀಕರಿಸುತ್ತದೆ. ಆಮೇಲೆ ಆ ಕಾರ್ಡ್ ಆ ಫೋನಿಗೆ ಮಾತ್ರ ಅರ್ಥವಾಗುತ್ತದೆ. ಕ್ಯಾಮೆರಾಕ್ಕೆ ಹಾಕಿದರೆ ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತದೆ, ಹೌದು ಎಂದಿರೋ ಎಲ್ಲವೂ ಹೋಯಿತು. ಅದಕ್ಕೇ ಕ್ಯಾಮೆರಾಕ್ಕೆ ಪೂರ್ಣ ಗಾತ್ರದ ಎಸ್‌ಡಿ, ವಿ30. ಫೋನಿಗೆ ಮೈಕ್ರೊ ಎಸ್‌ಡಿ, ಎ1. ಎರಡೂ ಬೇರೆ ಬೇರೆ. ಕೊಳ್ಳುವ ಮುನ್ನ ಫೋನ್ ಎಷ್ಟು ಸಾಮರ್ಥ್ಯದ ಕಾರ್ಡನ್ನು ಒಪ್ಪುತ್ತದೆ ಎಂದು ನೋಡಿಕೊಳ್ಳಿ. ಎಸ್‌ಡಿಎಚ್‌ಸಿ ಎಂಬ ಹಿಂದಿನ ಬಗೆಯ ಕಾರ್ಡನ್ನು ಮಾತ್ರ ಬಲ್ಲ ಹಳೆಯ ಸಾಧನಗಳಿಗೆ 32 ಗಿಗಾಬೈಟೇ ಗಡಿ.

ಇಷ್ಟೆಲ್ಲ ಓದಿ ಆರಿಸಿದ ಗುರುತನ್ನು ನಕಲಿ ಕಾರ್ಡಿನ ಮೇಲೂ ಅಚ್ಚೊತ್ತಬಹುದು. 256 ಗಿಗಾಬೈಟ್ ಎಂದು ತೋರಿಸಿಕೊಂಡು ಒಳಗೆ 32 ಮಾತ್ರ ಇರುವ ಕಾರ್ಡುಗಳಿವೆ. ಮೊದಮೊದಲು ಚೆನ್ನಾಗಿಯೇ ನಡೆಯುತ್ತವೆ, ನಿಜವಾದ ಜಾಗ ತುಂಬಿದ ಮೇಲೆ ಬರೆದದ್ದೆಲ್ಲ ಹಾಳು. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್‌ನಲ್ಲಿ ಎಫ್3 ಎಂಬ ಉಚಿತ ತಂತ್ರಾಂಶಗಳು ಕಾರ್ಡನ್ನು ಪೂರ್ತಿ ತುಂಬಿಸಿ, ಮತ್ತೆ ಓದಿ ತಾಳೆ ನೋಡುತ್ತವೆ, ಬರೆಯುವ ವೇಗವನ್ನೂ ಹೇಳುತ್ತವೆ. ದೊಡ್ಡ ಕಾರ್ಡಾದರೆ ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿ ಹಚ್ಚಿಟ್ಟು ಮಲಗಿ. ಕಾರ್ಡ್ ಕೈಗೆ ಬಂದ ದಿನವೇ ಮಾಡಿ, ಹಿಂದಿರುಗಿಸುವ ಗಡುವು ಇನ್ನೂ ಇರುವಾಗ.