‘ನಾಟ್’ ಮತ್ತು ‘ಎಪ್ಸಿಲಾನ್ ನಾಟ್’
‘ಐ ಡು ನಾಟ್’ನ ನಾಟ್‌ಗೂ ಭೌತಶಾಸ್ತ್ರದ ಮೇಷ್ಟ್ರು ಹೇಳುವ ‘ಎಪ್ಸಿಲಾನ್ ನಾಟ್’ಗೂ (ε₀, ಅಂದರೆ ಬುಡದಲ್ಲಿ ಸೊನ್ನೆ ಇರುವ ಎಪ್ಸಿಲಾನ್ ಅಕ್ಷರ) ನಂಟಿದೆಯೇ ಎಂದು ಕೇಳಿದ್ದೀರಿ. ಖಂಡಿತ ಇದೆ, ಬೇರು ಒಂದೇ. ಹಳೆಯ ಇಂಗ್ಲಿಷಿನಲ್ಲಿ ‘ಇಲ್ಲ’ ಅನ್ನಲು ಕ್ರಿಯಾಪದಕ್ಕೆ ಮೊದಲು ‘ನೆ’ ಎಂಬ ಪುಟ್ಟ ಪದ ಸಾಕಿತ್ತು. ಆ ‘ನೆ’ಗೆ ‘ಎಂದೂ’ ಎನ್ನುವ ‘ಆ’, ‘ವಸ್ತು’ ಎನ್ನುವ ‘ವಿಹ್ಟ್’ ಸೇರಿ ‘ನಾವಿಹ್ಟ್’ ಆಯಿತು: ಏನೇನೂ ಇಲ್ಲ. ಎಪ್ಸಿಲಾನ್ ಜೊತೆಗಿನ ಸೊನ್ನೆಯ ನಾಟ್ ಇದರದೇ ಸವೆದ ರೂಪ. ಜನ ಒತ್ತಿ ಹೇಳಲು ‘ನೆ’, ‘ನಾಟ್’ ಎರಡನ್ನೂ ಬಳಸಿದರು: ‘ಐ ನೆ ಸೇಯೆ ನಾಟ್’ (ನಾನು ಹೇಳುವುದಿಲ್ಲ). ಬಳಸಿ ಬಳಸಿ ಒತ್ತು ಸವೆಯಿತು, ‘ನೆ’ ಉದುರಿತು, ನಾಟ್ ಉಳಿಯಿತು. ಡೆನ್ಮಾರ್ಕಿನ ಭಾಷಾವಿಜ್ಞಾನಿ ಒಟ್ಟೊ ಯೆಸ್ಪರ್ಸೆನ್ 1917ರಲ್ಲಿ ಈ ಬದಲಾವಣೆಯ ಸುತ್ತನ್ನು ಸೊಗಸಾಗಿ ವಿವರಿಸಿದ್ದಾರೆ. ‘ನೆವರ್’, ‘ನನ್’ ಪದಗಳ ತಲೆಯಲ್ಲಿ ಆ ‘ನೆ’ ಇನ್ನೂ ಕೂತಿದೆ.

ಅರ್ಥದಲ್ಲಿ ಮಾತ್ರ ಎಚ್ಚರ: ‘ಇದು ನೀರಲ್ಲ’, ‘ನೀರು ಇಲ್ಲಿಲ್ಲ’ ಎರಡಕ್ಕೂ ಇಂಗ್ಲಿಷಿನಲ್ಲಿ ಒಂದೇ ನಾಟ್. ಅನುವಾದ ಮಾಡುವಾಗ ನಾನು ಪ್ರತಿ ಸಲ ನಿಂತು ಯೋಚಿಸುವುದು ಇಲ್ಲೇ.