ಬೆಂಕಿ ಎಷ್ಟು ತಣ್ಣಗಾದ್ರೆ ಆರುತ್ತೆ?

ಪ್ರಶ್ನೆ: ಸರ್, ಆಕ್ಟಿವೇಷನ್ ಎನರ್ಜಿ ಇಷ್ಟು ಕಿಲೋಜೂಲ್ ಅಂತ ಹೇಳಿದ್ರೆ ಸಾಕಲ್ವಾ? ಕಂಬಷನ್ ಪಾಠದಲ್ಲಿ ಯೂನಿಟ್ಟೇ ಇಲ್ಲದ ಜೆಲ್ಡೋವಿಚ್ ನಂಬರ್ ಯಾಕೆ ಬೇಕು?
– ಮೆಕ್ಯಾನಿಕಲ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಸಾಕಾಗಲ್ಲ ಕಣಪ್ಪ. ಆಕ್ಟಿವೇಷನ್ ಎನರ್ಜಿ ಅಂದ್ರೆ ರಿಯಾಕ್ಷನ್ ನಡೆಯೋಕೆ ಬೇಕಾದ ಕನಿಷ್ಠ ಶಕ್ತಿ, ಆ ಕಿಲೋಜೂಲ್ ಹೇಳೋದು ರಿಯಾಕ್ಷನ್ ಬಗ್ಗೆ ಮಾತ್ರ, ಆದ್ರೆ ನಮಗೆ ಬೇಕಿರೋದು ಜ್ವಾಲೆ ಸ್ವಲ್ಪ ತಣ್ಣಗಾದ್ರೆ ಉರಿಯೋ ವೇಗ ಎಷ್ಟು ಬೀಳುತ್ತೆ ಅನ್ನೋ ಲೆಕ್ಕ, ಅದನ್ನ ಹೇಳೋದೇ ಜೆಲ್ಡೋವಿಚ್ ನಂಬರ್, ಅದು ಜ್ವಾಲೆ ಎಷ್ಟು ಬಿಸಿ ಇದೆ, ಒಳಗೆ ಬರೋ ಗ್ಯಾಸ್ ಎಷ್ಟು ತಣ್ಣಗಿದೆ ಅನ್ನೋದನ್ನೂ ಸೇರಿಸಿಕೊಂಡ್ರೇನೇ ಸಿಗೋದು.

ಲೆಕ್ಕ ಮಾಡಿ ನೋಡು. ಆಕ್ಟಿವೇಷನ್ ಎನರ್ಜಿ ಮೋಲ್‌ಗೆ 166 ಕಿಲೋಜೂಲ್ ಅಂತ ಇಟ್ಕೋ, ಗ್ಯಾಸ್ ಕಾನ್‌ಸ್ಟೆಂಟ್ ಅನ್ನೋ ಸ್ಥಿರ ಸಂಖ್ಯೆಯಿಂದ (8.314) ಭಾಗಿಸಿದ್ರೆ ಸುಮಾರು 20,000 ಕೆಲ್ವಿನ್. ಜ್ವಾಲೆ 2200 ಕೆಲ್ವಿನ್ ಇದ್ರೆ 20,000ನ್ನ 2200ರಿಂದ ಭಾಗಿಸು, 9.1 ಬಂತು, ಇದು ಅರ್ಹೀನಿಯಸ್ ನಂಬರ್. ಗ್ಯಾಸ್ 300ರಿಂದ 2200ಕ್ಕೆ ಏರಿದೆ ಅಂದ್ರೆ 1900 ಏರಿಕೆ, ಅದನ್ನ 2200ರಿಂದ ಭಾಗಿಸಿ 9.1ಕ್ಕೆ ಗುಣಿಸಿದ್ರೆ ಸುಮಾರು 8, ಇದೇ ಜೆಲ್ಡೋವಿಚ್ ನಂಬರ್. ತುಂಬಾ ಜನ ಇವೆರಡನ್ನೂ ಒಂದೇ ಅಂದ್ಕೋತಾರೆ, ಹುಷಾರು.

ಈ 8ರಲ್ಲೇ ಇರೋದು ಮಜಾ. ಅದೇ ಜ್ವಾಲೆ 2200ರಿಂದ 2000ಕ್ಕೆ ಇಳಿದ್ರೆ ರಿಯಾಕ್ಷನ್ ವೇಗ ಹತ್ತತ್ರ 40 ಪರ್ಸೆಂಟ್‌ಗೆ ಬಿದ್ದುಹೋಗುತ್ತೆ! ಸೋವಿಯತ್ ವಿಜ್ಞಾನಿ ಯಾಕೋವ್ ಜೆಲ್ಡೋವಿಚ್, ಫ್ರಾಂಕ್-ಕಮೆನೆಟ್ಸ್ಕಿ ಜೊತೆ 1938ರಲ್ಲಿ ಜ್ವಾಲೆಯ ವೇಗದ ಥಿಯರಿ ಕೊಟ್ಟೋರು, ಈ ಸೂಕ್ಷ್ಮತೆಯನ್ನೇ ಹಿಡಿದು ಬಿಸಿ ಸೋರಿದ್ರೆ ಜ್ವಾಲೆ ಯಾವಾಗ ಆರುತ್ತೆ ಅಂತಾನೂ ತೋರಿಸಿದ್ರು: ನಮ್ಮ ಲೆಕ್ಕದಲ್ಲಿ ಬರೀ 240 ಡಿಗ್ರಿ ಕಳೆದುಕೊಂಡ್ರೆ ಸಾಕು, ಜ್ವಾಲೆ ಮುಂದೆ ಹೋಗೋ ವೇಗ (ಇದು ರಿಯಾಕ್ಷನ್ ವೇಗ ಅಲ್ಲ, ಅದರ ವರ್ಗಮೂಲದ ಹಾಗೆ ಬದಲಾಗುತ್ತೆ) ಮೊದಲಿದ್ದಿದ್ದರ 60 ಪರ್ಸೆಂಟ್‌ಗೆ ಬರುತ್ತೆ, ಅದಕ್ಕಿಂತ ಕೆಳಗೆ ಜ್ವಾಲೆ ನಿಲ್ಲಲ್ಲ. 1815ರಲ್ಲಿ ಹಂಫ್ರಿ ಡೇವಿ ಗಣಿ ಕೆಲಸಗಾರರಿಗೆ ಮಾಡಿಕೊಟ್ಟ ದೀಪದಲ್ಲಿ ಬರೀ ತಂತಿಜಾಲರಿ ಬೆಂಕಿನ ತಡೀತಿತ್ತಲ್ಲ, ಅದರ ಹಿಂದೆ ಇರೋದೂ ಇದೇ, ಜಾಲರಿ ಬಿಸಿನ ಎಳ್ಕೊಂಡುಬಿಡುತ್ತೆ. ಎಷ್ಟೋ ಜೀವ ಉಳಿಸಿದ ವಿಷಯ ಇದು, ಬರೀ ಎಕ್ಸಾಂ ಫಾರ್ಮುಲಾ ಅಂತ ಓದಬೇಡ.

ಮನೇಲಿ ಗ್ಯಾಸ್ ಸ್ಟೌ ಹಚ್ಚಿದಾಗ ಒಳಗಡೆ ನೀಲಿ ಗೆರೆ ಅಷ್ಟು ತೆಳ್ಳಗೆ ಕಾಣೋದೂ ಇದಕ್ಕೇ, ಗ್ಯಾಸ್ ಪೂರ್ತಿ ಬಿಸಿಯಾಗೋ ಹತ್ತಿರ ಬರೋವರೆಗೂ ರಿಯಾಕ್ಷನ್ ಸುಮ್ಮನಿದ್ದು ಕೊನೇಲಿ ಒಂದೇ ಸಲ ಹತ್ತಿಕೊಳ್ಳುತ್ತೆ. ಇನ್ನೊಂದು, ಗಾಳಿನ ಮೊದಲೇ 800 ಕೆಲ್ವಿನ್‌ಗೆ ಕಾಯಿಸಿ ಜ್ವಾಲೆ 2200ರಲ್ಲೇ ಇಟ್ರೆ ಜೆಲ್ಡೋವಿಚ್ ನಂಬರ್ 5.8ಕ್ಕೆ ಇಳಿಯುತ್ತೆ, ಕಿಲೋಜೂಲ್ ಮಾತ್ರ ಅದೇ 166.